ಒಂದು ವರ್ಷ ಕಡಿಮೆ ಬಿದ್ದ ಡಿಗ್ರಿ

ಕಾಲೇಜಿನ ಆಫೀಸಿನಲ್ಲಿ ಕೂತವರು ನಗಲಿಕ್ಕೆ ನಾಟಕ ನೋಡಲು ಹೋಗಬೇಕಿಲ್ಲ. ಕಿಟಕಿಯ ಮುಂದೆ ಯಾರಾದರೊಬ್ಬರು ಕಾಗದ ಹಿಡಿದು ಬಂದೇ ಬರುತ್ತಾರೆ, ಏನಾದರೊಂದು ನಡೆದೇ ನಡೆಯುತ್ತದೆ.

ನವಲಗುಂದದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಹೆಡ್ ಕ್ಲರ್ಕ್. ನಮ್ಮ ಕಡೆ ಅಕ್ಕೋರು ಅಂದರೆ ಪಾಠ ಹೇಳುವ ಹೆಣ್ಣುಮಗಳು. ನಾನು ಹುಟ್ಟಿದಾಗಿನಿಂದ ಯಾರಿಗೂ ಒಂದು ಪಾಠ ಹೇಳಿದವಳಲ್ಲ. ಆದರೂ ತರಕಾರಿ ಮಾರುವವರಿಂದ ಹಿಡಿದು ಬಸ್ ಕಂಡಕ್ಟರ್ ತನಕ ಎಲ್ಲರಿಗೂ ನಾನು ಅಕ್ಕೋರೇ. ಸೀರೆ ಉಟ್ಟು, ಚೀಲ ಹಿಡಿದು, ಕಾಲೇಜಿನ ಗೇಟಿನೊಳಗೆ ಹೋಗುವವಳು ಅಕ್ಕೋರಲ್ಲದೆ ಮತ್ತೇನು ಎಂದು ಊರು ತೀರ್ಮಾನ ಮಾಡಿಬಿಟ್ಟಿದೆ. ನನ್ನ ಸರ್ಟಿಫಿಕೇಟನ್ನು ಯಾರೂ ಕೇಳಲಿಲ್ಲ. ಸರ್ಟಿಫಿಕೇಟು ಇದ್ದವರ ಹತ್ತಿರ ಮಾತ್ರ ಇನ್ನೊಂದು ಕೇಳುತ್ತಾರೆ.

ಹಾಗೆ ಕೇಳಿಸಿಕೊಂಡವರು ನಮ್ಮ ಲಂಡನ್ ಸರ್. ಕೆಳಗಿನ ಪ್ರಸಂಗಗಳೆಲ್ಲ ಅವರವೇ. ಹೇಳುವಾಗ ನಗು ಬರುತ್ತದೆ. ಹೇಳಿ ಮುಗಿಸಿದ ಮೇಲೆ, ಯಾಕಾದರೂ ನಕ್ಕೆನೋ ಅನಿಸುತ್ತದೆ.

೧. ಬಂಗಾರದ ಅಂಚಿಲ್ಲದ ಕಾಗದ

ಅವರು ನಮ್ಮ ತಾಲೂಕಿನದೇ ಒಂದು ಹಳ್ಳಿಯವರು. ಅವ್ವ ಹೊಲದ ಕೂಲಿಗೆ ಹೋಗಿ ಓದಿಸಿದ ಹುಡುಗ. ದಲಿತ ಸಮುದಾಯದ ಜಾಣ ಹುಡುಗರನ್ನು ಆರಿಸಿ ಸರ್ಕಾರ ತನ್ನ ಖರ್ಚಿನಲ್ಲಿ ಪರದೇಶಕ್ಕೆ ಓದಲು ಕಳಿಸುತ್ತದಲ್ಲ, ಹಾಗೆ ಇಂಗ್ಲೆಂಡಿಗೆ ಹೋಗಿ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿಕೊಂಡು ಬಂದವರು. ಓದಿದ್ದು ಆ ದೇಶದ ಉತ್ತರದ ಒಂದು ಚಳಿ ಊರಲ್ಲಿ. ಲಂಡನ್ನಿನಲ್ಲಿ ಅವರು ಕಂಡದ್ದು ವಿಮಾನ ನಿಲ್ದಾಣ ಒಂದೇ. "ನಾ ಲಂಡನ್ ನೋಡಿಲ್ರಿ" ಎಂದು ಅವರು ಹೇಳಿದಷ್ಟೂ ಜನ ಅದನ್ನು ದೊಡ್ಡವರ ವಿನಯ ಅಂದುಕೊಂಡು ಲಂಡನ್ ಸರ್ ಎಂಬ ಹೆಸರನ್ನು ಇನ್ನಷ್ಟು ಗಟ್ಟಿ ಮಾಡಿದರು.

ಗೆಸ್ಟ್ ಲೆಕ್ಚರರ್ ಕೆಲಸ ಕೇಳಿಕೊಂಡು ಅವರು ಮೊದಲ ಸಲ ಬಂದಾಗ ನಾನು ಪ್ರಿನ್ಸಿಪಾಲರ ಕೋಣೆಯಲ್ಲೇ ಇದ್ದೆ. ಪ್ರಿನ್ಸಿಪಾಲರು ಡಿಗ್ರಿ ಕಾಗದವನ್ನು ಬೆಳಕಿಗೆ ಹಿಡಿದು, ತಿರುವಿ, ಹಿಂದೆ ಮುಂದೆ ನೋಡಿದರು. ಬಿಳಿ ಕಾಗದ, ನಾಲ್ಕು ಸಾಲು, ಎರಡು ಸಹಿ. ಮುಗಿಯಿತು.

"ಫೋಟೊ ಇಲ್ಲಲ್ರಿ ಇದರಾಗ?"

"ಅಲ್ಲಿ ಹಚ್ಚಂಗಿಲ್ರಿ ಸರ್."

"ಮಾರ್ಕ್ಸು?"

ಸರ್ ಇನ್ನೊಂದು ಕಾಗದ ಕೊಟ್ಟರು. ಪ್ರಿನ್ಸಿಪಾಲರ ಮುಖ ಸಣ್ಣದಾಯಿತು. "ಎಪ್ಪತ್ತೆರಡ ಏನ್ರಿ? ಅಷ್ಟ ದೂರ ಹೋಗಿ?"

"ಅಲ್ಲಿ ಎಪ್ಪತ್ತು ದಾಟಿದ್ರ ಡಿಸ್ಟಿಂಕ್ಷನ್ ರಿ ಸರ್. ಇಡೀ ವರ್ಗಕ್ಕ ಇಬ್ಬರಿಗೋ ಮೂವರಿಗೋ ಬರ್ತೈತ್ರಿ."

"ನಮ್ಮಲ್ಲಿ ಎಪ್ಪತ್ತೆರಡು ಬಂದ್ರ ಹುಡುಗನ ಅಪ್ಪ ಬಂದು ಮರುಮೌಲ್ಯಮಾಪನಕ್ಕ ಹಾಕಿ ಹೋಗ್ತಾನ್ರಿ!"

ಅಷ್ಟರಲ್ಲಿ ಫೈಲಿನೊಳಗಿಂದ ಒಂದು ದಪ್ಪ ಕಾಗದ ಜಾರಿ ಮೇಜಿನ ಮೇಲೆ ಬಿತ್ತು. ಸರ್ ಪಿಯುಸಿ ರಜೆಯಲ್ಲಿ ಹುಬ್ಬಳ್ಳಿಯಲ್ಲಿ ಮಾಡಿದ್ದ ಕಂಪ್ಯೂಟರ್ ಕ್ಲಾಸಿನ ಸರ್ಟಿಫಿಕೇಟು. ಸುತ್ತ ಬಂಗಾರದ ಅಂಚು, ಮೂಲೆಯಲ್ಲಿ ಮಿರಿಮಿರಿ ಮಿಂಚುವ ನಕ್ಷತ್ರ, ಕೆಳಗೆ ಅಂಗೈ ಅಗಲದ ಕೆಂಪು ಸೀಲು. ಪ್ರಿನ್ಸಿಪಾಲರ ಮುಖ ಅರಳಿತು.

"ಹಾಂ! ಸರ್ಟಿಫಿಕೇಟ್ ಅಂದ್ರ ಹಿಂಗಿರಬೇಕು ನೋಡ್ರಿ. ಅಕ್ಕೋರ, ಫೈಲಿನಾಗ ಇದನ್ನ ಮ್ಯಾಲೆ ಹಾಕ್ರಿ. ಆ ಇಂಗ್ಲೆಂಡಿಂದು ಕೆಳಗಿರಲಿ."

೨. ಹೆಸರು ಮತ್ತು ತೊಗರಿ

ಗೆಸ್ಟ್ ಆಗಿ ತೆಗೆದುಕೊಳ್ಳಲು ಅಡ್ಡಿ ಇರಲಿಲ್ಲ. ಕಾಯಂ ನೌಕರಿಗೆ ಮಾತ್ರ ಒಂದು ಕಾಗದ ಬೇಕಿತ್ತು. ಪರದೇಶದ ಡಿಗ್ರಿ ನಮ್ಮ ಎರಡು ವರ್ಷದ ಎಂ.ಎ.ಗೆ ಸಮ ಎಂದು ದಿಲ್ಲಿಯಿಂದ ಬರೆಸಿಕೊಂಡು ಬರಬೇಕು. ಸರ್ ಬರೆದರು. ಬಹಳ ತಿಂಗಳ ಮೇಲೆ ಉತ್ತರ ಬಂತು. ಅಲ್ಲಿಯ ಎಂ.ಎ. ಒಂದೇ ವರ್ಷದ್ದು, ನಮ್ಮದು ಎರಡು ವರ್ಷದ್ದು, ಆದ್ದರಿಂದ ಸಮ ಅಲ್ಲ.

ಇದನ್ನು ಕೇಳಿ ನಮ್ಮ ಆಫೀಸಿನ ಸಿಪಾಯಿ ಕಾಕಾಗೆ ತಲೆ ಕೆಟ್ಟಿತು. ಕಾಕಾ ಅಂದರೆ ಕಾಲೇಜು ಕಟ್ಟುವಾಗ ಇಟ್ಟಿಗೆಗೆ ನೀರು ಹೊಡೆಯಲು ಬಂದವರು, ಕಟ್ಟಡ ಮುಗಿದ ಮೇಲೂ ಹೋಗದೆ ಉಳಿದುಬಿಟ್ಟವರು.

"ಅಕ್ಕೋರ, ಇವರನ್ನ ಅಲ್ಲಿಗೆ ಕಳಿಸಿದ್ದು ಯಾರ್ರಿ?"

"ಸರ್ಕಾರ."

"ಈಗ ಒಲ್ಲೆ ಅನ್ನಾಕತ್ತಿದ್ದು?"

"ಸರ್ಕಾರದ್ದ ಇನ್ನೊಂದು ಆಫೀಸು."

"ಅತ್ತಿ ಸಂತಿಗೆ ಕಳಿಸಿ, ತಿರುಗಿ ಬಂದ ಮ್ಯಾಲೆ ಯಾರಿಗೆ ಕೇಳಿ ಹೋಗಿದ್ದಿ ಅಂದಂಗಾತು ಬಿಡ್ರಿ" ಎಂದು ಕಾಕಾ ಬಾಗಿಲಲ್ಲೇ ಕುಕ್ಕರಿಸಿದರು.

ನಮ್ಮ ಸಂಸ್ಥೆಯ ಚೇರಮನ್ನರು ಅಣ್ಣಿಗೇರಿಯಲ್ಲಿ ಕಾಳಿನ ವ್ಯಾಪಾರ ಮಾಡುವ ಸಾವ್ಕಾರರು. ಕಮಿಟಿ ಮೀಟಿಂಗಿನಲ್ಲಿ ಈ ವಿಷಯ ಬಂದಾಗ ಅವರು ಬಹಳ ಹೊತ್ತು ಕಿವಿಗೊಟ್ಟು ಕೇಳಿದರು.

"ಅಲ್ರಿ, ಎರಡ ವರ್ಷದ್ದನ್ನ ಒಂದ ವರ್ಷದಾಗ ಮುಗಿಸಿ ಬಂದಾನಂದ್ರ ಹುಡುಗ ಹುಷಾರ್ ಅಲ್ಲೇನ್ರಿ? ನಮ್ಮ ಲಾರಿ ಡ್ರೈವರ್ ಎರಡ ದಿನದ ದಾರಿ ಒಂದ ದಿನದಾಗ ಮುಟ್ಟಿಸಿದ್ರ ನಾ ಚಾ-ಪಾಣಿಗೆ ಕೊಡ್ತೇನಿ. ನೀವು ವಾಪಸ್ ಹೋಗಿ ಮತ್ತ ನಿಧಾನ ಬಾ ಅಂತೀರಿ."

ಪ್ರಿನ್ಸಿಪಾಲರು ನಿಯಮ ವಿವರಿಸಿದರು. ಸಾವ್ಕಾರರು ಬಗ್ಗಲಿಲ್ಲ.

"ಹೆಸರು ಬಿತ್ತಿ ಎರಡ ತಿಂಗಳದಾಗ ರಾಶಿ ಮಾಡ್ತೇವಿ. ತೊಗರಿ ಆರ ತಿಂಗಳ ಹೊಲದಾಗ ನಿಂದರ್ತೈತಿ. ಹಂಗಂತ ಹೆಸರನ್ನ ಕಾಳಲ್ಲ ಅಂದ್ರ ನಮ್ಮ ಅಂಗಡಿ ನಡೀತೈತೇನ್ರಿ?"

ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸಿದರು. ಇದನ್ನೇ ದಿಲ್ಲಿಗೆ ಬರೆದು ಕಳಿಸಿ ಎಂದು ಸಾವ್ಕಾರರು ನನಗೆ ಹುಕುಂ ಮಾಡಿದರು. ನಾನು ಬರೆಯಲಿಲ್ಲ. ಬರೆದಿದ್ದರೆ ಸರ್‌ಗೆ ಕೃಷಿ ಡಿಪ್ಲೊಮಾ ಇದೆ ಅಂತ ತಿಳಿದುಕೊಳ್ಳುತ್ತಿದ್ದರು.

ಇಲ್ಲೇ ಇನ್ನೊಂದು ಎಂ.ಎ. ಮಾಡಿಬಿಡಿ ಅಂತ ಆಗಲೇ ನಾವೆಲ್ಲ ಸರ್‌ಗೆ ಹೇಳಿದೆವು. ಅವರು ಒಪ್ಪಲಿಲ್ಲ. "ಹಂಗ ಮಾಡಿದ್ರ ಮೊದಲಿಂದು ಸುಳ್ಳು ಅಂತ ನಾನ ಸಹಿ ಹಾಕಿಕೊಟ್ಟಂಗ ಆಗ್ತೈತಲ್ರಿ ಅಕ್ಕೋರ" ಅಂದರು.

೩. ಮನಿತನ ಚಲೋ ಐತಿ

ಲಂಡನ್ ಸರ್ ಪಾಠ ಹೇಳಿದ ಮೊದಲ ತಂಡದಲ್ಲಿ ಕಲಘಟಗಿಯ ಒಬ್ಬ ಹುಡುಗಿ ಇದ್ದಳು. ಅವರದು ತೊಟ್ಟಿಲು ಮಾಡಿ ಬಣ್ಣ ಬರೆಯುವ ಮನೆ. ನವಲಗುಂದದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಬಹಳ ಚುರುಕು. ಸರ್ ಓದಿದ ಯೂನಿವರ್ಸಿಟಿಗೇ ಹೋಗಿ ಎಂ.ಎ. ಮಾಡುತ್ತೇನೆಂದು ಹಠ ಹಿಡಿದು ಅರ್ಜಿ ಹಾಕಿದಳು.

ಒಂದು ದಿನ ಮಧ್ಯಾಹ್ನ ಪ್ರಿನ್ಸಿಪಾಲರ ಫೋನಿಗೆ ಆ ದೇಶದಿಂದ ಕರೆ ಬಂತು. ಇಂಥ ಹುಡುಗಿ ನಿಮ್ಮಲ್ಲಿ ಓದಿದ್ದು ನಿಜವೋ, ಅವಳ ಬಗ್ಗೆ ನಿಮ್ಮ ಅಭಿಪ್ರಾಯ ಏನು ಎಂದು ಒಬ್ಬ ಹೆಂಗಸು ವಿಚಾರಿಸುತ್ತಿದ್ದಳು.

ಇಲ್ಲಿ ನಮ್ಮ ಕಡೆಯ ಪದ್ಧತಿ ಒಂದನ್ನು ಹೇಳಬೇಕು. ಹಳೆಯ ವಿದ್ಯಾರ್ಥಿನಿಯ ಬಗ್ಗೆ ಯಾರಾದರೂ ಕಾಲೇಜಿಗೆ ಫೋನು ಮಾಡಿದರೆ ಅದು ಕನ್ಯಾ ವಿಚಾರಣೆಗೇ. ಗಂಡಿನ ಕಡೆಯವರು ಮೊದಲು ಕಾಲೇಜನ್ನು ಕೇಳುತ್ತಾರೆ, ಆಮೇಲೆ ಹೆಣ್ಣು ನೋಡಲು ಬರುತ್ತಾರೆ. ಪ್ರಿನ್ಸಿಪಾಲರು ಇಂಥ ಎಷ್ಟೋ ಮದುವೆಗಳನ್ನು ಫೋನಿನಲ್ಲೇ ಕುದುರಿಸಿದ್ದಾರೆ, ಊಟಕ್ಕೂ ಹೋಗಿ ಬಂದಿದ್ದಾರೆ. ಅವರ ನಾಲಿಗೆ ಅದೇ ದಾರಿಗೆ ಬಿತ್ತು. ಇಂಗ್ಲಿಷಿನಲ್ಲೇ, ಆದರೆ ನಮ್ಮ ಧಾಟಿಯಲ್ಲಿ, ಗಟ್ಟಿಯಾಗಿ ಹೇಳತೊಡಗಿದರು. ಹುಡುಗಿ ಬಹಳ ಸೌಮ್ಯ. ತಲೆ ಎತ್ತಿ ಮಾತಾಡಿದವಳಲ್ಲ. ಮನೆತನ ಒಳ್ಳೆಯದು. ತಂದೆಗೆ ಯಾವ ಚಟವೂ ಇಲ್ಲ. ಒಬ್ಬ ಅಣ್ಣ ಇದ್ದಾನೆ, ಅವನ ಮದುವೆಯೂ ಆಗಿದೆ.

ಆಮೇಲೆ ಆ ಹೆಂಗಸು, ಅವಳು ಇಲ್ಲಿಗೆ ಬಂದರೆ ಹೊಂದಿಕೊಂಡು ಹೋಗುತ್ತಾಳೆಯೇ ಎಂದು ಕೇಳಿದಳಂತೆ. ಪ್ರಿನ್ಸಿಪಾಲರಿಗೆ ಈಗ ಖಾತ್ರಿಯಾಯಿತು. ಇದು ಅತ್ತೆಯೇ.

"ಹೊಂದಿಕೊಂಡು ಹೋಗ್ತಾಳೆ, ಚಿಂತೆ ಬೇಡ" ಎಂದು ಭರವಸೆ ಕೊಟ್ಟು, ಕೊನೆಗೆ ತಮ್ಮ ಕಡೆಯಿಂದ ಇನ್ನೊಂದು ಮಾತು ಸೇರಿಸಿದರು. "ಅವರ ಮನೆಯಲ್ಲೇ ತೊಟ್ಟಿಲು ಮಾಡುತ್ತಾರೆ. ಮುಂದೆ ನೀವು ತೊಟ್ಟಿಲು ಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ."

ನಾನು ಎದುರಿಗೇ ಕೂತಿದ್ದೆ. ಫೋನು ಕಸಿದುಕೊಳ್ಳುವ ಅಧಿಕಾರ ಹೆಡ್ ಕ್ಲರ್ಕಿಗೆ ಇಲ್ಲವಲ್ಲ ಎಂದು ಆವತ್ತಿನಷ್ಟು ಎಂದೂ ಅನಿಸಿರಲಿಲ್ಲ. ಆದರೂ ಹುಡುಗಿಗೆ ಸೀಟು ಸಿಕ್ಕಿತು, ಖರ್ಚಿಗೆ ವಿದ್ಯಾರ್ಥಿವೇತನವೂ ಸಿಕ್ಕಿತು. "ನೋಡ್ರಿ, ನಾ ಮಾತಾಡಿದ್ದಕ್ಕ ಆತು" ಎಂದು ಪ್ರಿನ್ಸಿಪಾಲರು ಇವತ್ತಿಗೂ ಹೇಳುತ್ತಾರೆ.

೪. ಯಮನೂರಿನಲ್ಲಿ ಬೇಡಿಕೊಂಡದ್ದು

ಹುಡುಗಿ ಹೋಗಲಿಲ್ಲ. ಹೋಗಬೇಡ ಅಂದವರು ಲಂಡನ್ ಸರ್ ಅವರೇ.

ನಮ್ಮ ಆಫೀಸಿನ ಕಟ್ಟೆಯ ಮೇಲೆ ಕೂತು ಹೇಳಿದರು. "ಹೋಗಬ್ಯಾಡವಾ. ಅಲ್ಲಿ ಓದು ಚಲೋ ಐತಿ, ಖರೆ. ಆದ್ರ ಒಂದ ವರ್ಷದ್ದು. ನೀ ತಿರುಗಿ ಬಂದು ನನ್ನ ಬಾಜು ಗೆಸ್ಟ್ ಅಂತ ಕುಂದರೂದು ನಂಗ ಬ್ಯಾಡ. ಧಾರವಾಡದಾಗ ಎರಡ ವರ್ಷ ಓದು. ಎರಡು ಅಂದ್ರ ಎರಡ."

ಅವಳು ಅತ್ತಳು. ಸರ್ ಬೇರೆ ಕಡೆ ನೋಡುತ್ತ ಕೂತರು. ತಾವು ಒಪ್ಪದಿದ್ದ ದಾರಿಯನ್ನೇ ಅವಳಿಗೆ ತೋರಿಸಬೇಕಾಯಿತಲ್ಲ ಎಂಬ ಸಂಕಟ ಅವರ ಮುಖದಲ್ಲಿ ಕಾಣುತ್ತಿತ್ತು. ಅವಳು ಧಾರವಾಡದ ಬಸ್ ಹತ್ತಿದಳು.

ಅದೇ ದಿನಗಳಲ್ಲಿ ಸರ್ ಅವರ ಅವ್ವ ಆಫೀಸಿಗೆ ಬಂದರು. ಕೈಯಲ್ಲಿ ಮಗನ ಡಿಗ್ರಿಯ ಝೆರಾಕ್ಸು. ಯಮನೂರಿನ ಅಜ್ಜಾರ ದರ್ಗಾಕ್ಕೆ ಹೋಗಿ ಹರಕೆ ಹೊರುವ ವಿಚಾರ ಅವರದು. ಅಲ್ಲಿಗೆ ಯಾವ ಜಾತಿಯವರು, ಯಾವ ಧರ್ಮದವರು ಬಂದರೂ ನಡೆಯುತ್ತದೆ, ನೀನು ಯಾರು ಎಂದು ಬಾಗಿಲಲ್ಲಿ ಕಾಗದ ಕೇಳುವುದಿಲ್ಲ.

"ಅಕ್ಕೋರ, ಅಜ್ಜಾರ ಮುಂದ ಏನಂತ ಬೇಡ್ಕೋಬೇಕ್ರಿ? ಮಗಾ ಹೇಳಿದ್ದು ನಂಗ ತಿಳಿಯಂಗಿಲ್ಲ. ಮಕ್ಕಳು ಮರಿ ಅಂದ್ರ ಬೇಡಾಕ ಬರ್ತೈತಿ. ಈ ಕಾಗದಾ ಹೆಂಗ ಬೇಡೂದು?"

ತುಲ್ಯತಾ ಪ್ರಮಾಣಪತ್ರ ಎಂಬ ಮಾತನ್ನು ಆ ತಾಯಿಯ ಬಾಯಿಗೆ ಹೇಗೆ ಹಾಕಲಿ? ನಾನು ಸುಲಭ ಮಾಡಿ ಹೇಳಿದೆ. "ಅವ್ವಾರ, ಒಂದ ವರ್ಷ ಎರಡ ವರ್ಷ ಆಗಲಿ ಅಂತ ಬೇಡ್ಕೋರಿ. ಅಷ್ಟ ಸಾಕು."

ಅವರು ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಹೋದರಂತೆ. ಝೆರಾಕ್ಸನ್ನು ಗದ್ದಿಗೆಗೆ ಮುಟ್ಟಿಸಿ, ಮುಲ್ಲಾರಿಂದ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿ, ಕೇಳಬೇಕಾದ್ದನ್ನು ಮೂರು ಸಲ ಕೇಳಿ ಬಂದರು.

ಅಜ್ಜಾರು ಕೊಟ್ಟರು, ಕೊಡಲಿಲ್ಲ ಅನ್ನುವ ಹಾಗಿಲ್ಲ. ಅಂದಿನಿಂದ ಸರ್ ಅವರ ಯಾವ ಕೆಲಸ ಒಂದು ವರ್ಷದಲ್ಲಿ ಆಗಬೇಕಿತ್ತೋ ಅದಕ್ಕೆಲ್ಲ ಎರಡು ವರ್ಷ ಹಿಡಿಯತೊಡಗಿತು.

೫. ನಂಬರ್ ಚೀಟಿ

ಕೆಲವು ವರ್ಷಗಳ ಮೇಲೆ ನಮ್ಮಲ್ಲಿ ಅರ್ಥಶಾಸ್ತ್ರಕ್ಕೆ ಒಂದು ಕಾಯಂ ಹುದ್ದೆ ಮಂಜೂರಾಯಿತು. ಸಮ ಎನ್ನುವ ಕಾಗದವಿಲ್ಲದ ಸರ್ ಅರ್ಜಿ ಹಾಕುವಂತಿಲ್ಲ. ತೊಟ್ಟಿಲ ಮನೆಯ ಹುಡುಗಿ ಧಾರವಾಡದಲ್ಲಿ ಎರಡು ವರ್ಷ ಮುಗಿಸಿ, ಬೇಕಾದ ಪರೀಕ್ಷೆಯನ್ನೂ ಪಾಸಾಗಿ ಅರ್ಜಿ ಹಾಕಿದಳು. ಸರ್ ಅವಳನ್ನು ತಯಾರು ಮಾಡಲು ನಿಂತರು.

ಸ್ಟಾಫ್ ರೂಮಿನಲ್ಲಿ ಒಂದು ಸುಳ್ಳು ಸಂದರ್ಶನ ಏರ್ಪಾಡಾಯಿತು. ಒಂದು ಕುರ್ಚಿಯಲ್ಲಿ ಸರ್, ಒಂದರಲ್ಲಿ ನಾನು, ಮೂರನೆಯವರು ಬೇಕಲ್ಲ ಎಂದು ಕಾಕಾ. ಸರ್ ಹಣದುಬ್ಬರ, ಬಂಡವಾಳ ಎಂದು ಕಠಿಣ ಪ್ರಶ್ನೆಗಳನ್ನೇ ಕೇಳಿದರು. ಅವಳು ಹುರಿಗಾಳಿನ ಹಾಗೆ ಪಟಪಟ ಉತ್ತರ ಕೊಟ್ಟಳು. ಕಾಕಾ ಸರದಿ ಬಂದಾಗ ಅವರು ಗಂಟಲು ಸರಿ ಮಾಡಿಕೊಂಡು, "ಕಲಘಟಗಿಯಿಂದ ಇಲ್ಲಿಗೆ ಬಸ್ ಹೆಂಗ ಅದಾವವಾ?" ಎಂದು ಕೇಳಿದರು.

ಸರ್ ನಕ್ಕರು. "ಕಾಕಾ, ಅಂಥಾದ್ದು ಯಾರೂ ಕೇಳಂಗಿಲ್ಲ."

ನಿಜವಾದ ಸಂದರ್ಶನದ ದಿನ ಹೊರಗಿನಿಂದ ಬಂದ ದೊಡ್ಡ ತಜ್ಞರು ಕನ್ನಡಕ ಏರಿಸಿ ಕೇಳಿದ ಮೊದಲ ಪ್ರಶ್ನೆ, "ಕಲಘಟಗಿಯಿಂದ ಇಲ್ಲಿಗೆ ಬಸ್ ಸೌಕರ್ಯ ಹೇಗಿದೆಯಮ್ಮ?" ಕಾಕಾ ಆ ವಾರವೆಲ್ಲ ಕಾಲೇಜಿನಲ್ಲಿ ಎದೆಯುಬ್ಬಿಸಿಕೊಂಡೇ ಓಡಾಡಿದರು.

ಆಮೇಲೆ ತಜ್ಞರು ವಿಷಯಕ್ಕೆ ಬಂದರು. ಅವಳ ಉತ್ತರಗಳಿಗೆ ಬಹಳ ಖುಷಿಪಟ್ಟರು. ಚಹಾ ಕೊಡಲು ಒಳಗೆ ಹೋಗಿದ್ದ ಕಾಕಾ ಅಲ್ಲೇ ನಿಂತು ಕೇಳಿಸಿಕೊಂಡರು.

"ಇಷ್ಟು ಸ್ಪಷ್ಟವಾಗಿ ಹೇಳೋದನ್ನ ಯಾರು ಕಲಿಸಿದರಮ್ಮ?"

"ಇದೇ ಕಾಲೇಜಿನ ಸರ್."

"ಹೌದೆ? ಅವರು ಈಗ ಎಲ್ಲಿದ್ದಾರೆ? ನೋಡಬೇಕಲ್ಲ ಅವರನ್ನ."

ಅವಳು ಬಾಗಿಲ ಕಡೆ ನೋಡಿದಳು. ಕಾಕಾ ತಟ್ಟೆ ಹಿಡಿದುಕೊಂಡೇ ಉತ್ತರ ಕೊಟ್ಟರು. "ನೀವು ನೋಡೀರ್ರಿ ಸಾಹೇಬ್ರ. ಹೊರಗ ಕುಂತು ಸಂದರ್ಶನಕ್ಕ ಬಂದವರಿಗೆ ನಂಬರ್ ಚೀಟಿ ಕೊಡಾಕತ್ತಾರ."

೬. ಪೇಢೆ ಹಂಚಿದ ದಿನ

ಒಂದು ಬೆಳಿಗ್ಗೆ ಕಾಕಾ ಪೇಪರು ಹಿಡಿದು ಓಡುತ್ತ ಬಂದರು. ಅವರ ವಯಸ್ಸಿಗೆ ಅದು ಓಟವೇ.

"ಅಕ್ಕೋರ! ಎರಡೂ ದೇಶದವರು ಕೂಡಿ ಸಹಿ ಮಾಡ್ಯಾರಂತ್ರಿ! ಅವರ ಡಿಗ್ರಿ ನಾವು ಒಪ್ಪೂದು, ನಮ್ಮ ಡಿಗ್ರಿ ಅವರು ಒಪ್ಪೂದು. ಒಂದ ವರ್ಷದ್ದೂ ನಡೀತೈತಂತ!"

ನಾನು ಮೂರು ಸಲ ಓದಿದೆ. ನಿಜವೇ. ಸುದ್ದಿ ಸಾವ್ಕಾರರಿಗೆ ಮುಟ್ಟಿ, ಧಾರವಾಡದ ಪೇಢೆಯ ಡಬ್ಬಿಗಳು ಬಂದವು. ಆ ಒಪ್ಪಂದವನ್ನು ತಾವೇ ಮಾಡಿಸಿದಷ್ಟು ಸಂತೋಷ ಅವರಿಗೆ. "ನಾ ಅವತ್ತ ಹೇಳಿದ್ದಿಲ್ಲೇನು, ಹೆಸರೂ ಕಾಳ ಅಂತ? ಈಗ ದಿಲ್ಲಿಯವರಿಗೆ ತಿಳೀತು" ಅಂದರು.

ಸರ್ ಮತ್ತೆ ಅರ್ಜಿ ಬರೆದರು. ಅಜ್ಜಾರ ಲೆಕ್ಕದ ಪ್ರಕಾರ ತಡವಾಗಿಯೇ ಸಮ ಎನ್ನುವ ಕಾಗದ ಬಂತು. ಅದನ್ನು ಓದಿ, ಮಡಚಿ, ಮತ್ತೆ ಬಿಡಿಸಿ ಓದಿದರು. ಅವ್ವ ಹರಕೆ ತೀರಿಸಲು ಯಮನೂರಿಗೆ ಹೋಗಿ ಬಂದರು. ಅದೃಷ್ಟಕ್ಕೆ ಅರ್ಥಶಾಸ್ತ್ರಕ್ಕೆ ಎರಡನೆಯ ಹುದ್ದೆಯೂ ಮಂಜೂರಾಯಿತು. ಇಡೀ ಕಾಲೇಜು ಅದು ಸರ್‌ದೇ ಅಂದುಕೊಂಡಿತ್ತು.

ಅರ್ಜಿ ತೆಗೆದುಕೊಳ್ಳುವಾಗ ನನ್ನ ಕಣ್ಣು ಜನ್ಮ ದಿನಾಂಕದ ಮೇಲೆ ಬಿತ್ತು. ವಯಸ್ಸಿನ ಮಿತಿ ದಾಟಿತ್ತು. ಬಹಳ ಅಲ್ಲ, ಒಂದು ವರ್ಷ ತುಂಬಲೂ ಇನ್ನೂ ಕೆಲವು ತಿಂಗಳು ಬಾಕಿ. ನಾನು ಬೆರಳು ಮಡಚಿ ಮತ್ತೊಮ್ಮೆ ಎಣಿಸಿದೆ. ಸರ್ ನನ್ನ ಮುಖ ನೋಡಿದರು, ಅವರಿಗೆ ಗೊತ್ತಾಯಿತು. "ಕಳಿಸಿ ನೋಡೂಣ್ರಿ ಅಕ್ಕೋರ, ವಿನಾಯಿತಿ ಕೊಟ್ರ ಕೊಡಲಿ" ಅಂದರು.

ವಿಷಯ ಕೇಳಿ ಅವ್ವ ಓಡಿಬಂದರು. ಅವರು ಹೇಳಿದ್ದು ಕೇಳಿ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಅಕ್ಕೋರ, ನನ್ನ ಮಗಾ ಅಷ್ಟ ದೊಡ್ಡಾಂವ ಅಲ್ರಿ. ಶ್ರಾವಣದಾಗ ಹುಟ್ಟ್ಯಾನ. ಸಾಲಿಗೆ ಹಚ್ಚುವಾಗ ಇನ್ನೂ ಸಣ್ಣಾಂವ, ಬರೂ ವರ್ಷ ಕರಕೊಂಡ ಬಾ ಅಂದ್ರು ಮಾಸ್ತರು. ನಾ ಕೂಲಿಗೆ ಹೋಗಬೇಕು, ಹುಡುಗನ್ನ ಎಲ್ಲಿ ಬಿಡ್ಲಿ? ಕಾಲ ಹಿಡಕೊಂಡೆ. ಪಾಪ, ಅವರು ಒಂದ ವರ್ಷ ಹೆಚ್ಚ ಹಾಕಿ, ಜೂನ್ ಒಂದು ಅಂತ ಬರಕೊಂಡು ಒಳಗ ಕುಂದ್ರಿಸಿಕೊಂಡ್ರು."

ನಮ್ಮ ಕಡೆ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು. ಶಾಲೆ ಶುರುವಾಗುವ ದಿನ ಮಾಸ್ತರರು ಎಲ್ಲರನ್ನೂ ಹುಟ್ಟಿಸಿಬಿಡುತ್ತಿದ್ದರು. ಆ ಮಾಸ್ತರರು ಒಳ್ಳೆಯದನ್ನೇ ಮಾಡಿದ್ದರು. ಅವರು ಒಂದು ವರ್ಷ ಸೇರಿಸಿ ಬರೆದದ್ದರಿಂದಲೇ ಹುಡುಗ ಆ ವರ್ಷ ಹೊಲದ ಬದುವಿನಲ್ಲಿ ಕೂರದೆ ಶಾಲೆಯಲ್ಲಿ ಕೂತ. ಈಗ ಅದೇ ವರ್ಷ ಬಂದು ಬಾಗಿಲಿಗೆ ಅಡ್ಡ ನಿಂತಿತು.

ಇದನ್ನು ನಾನು ಕಮಿಟಿಯ ಮುಂದೆ ಹೇಳಿದಾಗ ಸಾವ್ಕಾರರು ಲೆಕ್ಕ ಹಾಕಿದರು.

"ಅಂದ್ರ ಡಿಗ್ರಿಯಾಗ ಒಂದ ವರ್ಷ ಕಡಿಮಿ ಬಿದ್ದಿತ್ತು. ವಯಸ್ಸಿನಾಗ ಒಂದ ವರ್ಷ ಹೆಚ್ಚ ಐತಿ. ಅಲ್ರೀ, ಮೊದಲ ಇಲ್ಲಿಂದು ತಗದು ಅಲ್ಲಿ ಹಾಕಿದ್ರ ತಕ್ಕಡಿ ಸಮ ಆಗ್ತಿತ್ತಲ್ರಿ! ಎರಡ ದೇಶ ಯಾಕ ಕೂಡಬೇಕಿತ್ತು?"

೭. ಕುರ್ಚಿಗಳು

ಈಗ ಆ ಹುಡುಗಿ, ಅಂದರೆ ನಮ್ಮ ಮೇಡಂ, ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥೆ. ವಿಭಾಗ ಅಂದರೆ ಒಂದು ಕೋಣೆ, ಒಂದು ಮೇಜು, ನಾಲ್ಕು ಕುರ್ಚಿ, ಮೇಡಂ ಮತ್ತು ಲಂಡನ್ ಸರ್. ಸರ್ ಇನ್ನೂ ಗೆಸ್ಟ್. ಅವರ ಹಾಜರಿಗೆ ಸಹಿ ಹಾಕುವವಳು ಅವರ ಶಿಷ್ಯೆ.

ಮೊದಲ ದಿನವೇ ಫಜೀತಿ ಶುರುವಾಯಿತು. ಸರ್ ಒಳಗೆ ಬಂದರೆ ಮೇಡಂ ಎದ್ದು ನಿಲ್ಲುತ್ತಾಳೆ. ಕಲಿಸಿದ ಗುರುಗಳು ನಿಂತಿರುವಾಗ ಕೂರುವುದು ಹೇಗೆ? ಮೇಡಂ ಎದ್ದು ನಿಂತರೆ ಸರ್ ಕೂರುವುದಿಲ್ಲ. ವಿಭಾಗದ ಮುಖ್ಯಸ್ಥರು ನಿಂತಿರುವಾಗ ಗೆಸ್ಟ್ ಕೂರುವುದು ಹೇಗೆ?

"ಕುಂದರ್ರಿ ಸರ್."

"ನೀವು ಮೊದಲ ಕುಂದರ್ರಿ ಮೇಡಂ."

"ನನಗ ನೀವು ಅನಬ್ಯಾಡ್ರಿ ಸರ್."

"ಮುಖ್ಯಸ್ಥರಿಗೆ ನೀನು ಅನ್ನಾಕ ಬರಂಗಿಲ್ರಿ."

ಹೀಗೆ ವೇಳಾಪಟ್ಟಿ ಮಾಡಿದ್ದೂ ನಿಂತೇ, ಉತ್ತರ ಪತ್ರಿಕೆ ಹಂಚಿಕೊಂಡದ್ದೂ ನಿಂತೇ. ವರ್ಷಗಳು ಕಳೆದರೂ ಇಬ್ಬರೂ ಒಟ್ಟಿಗೆ ಕೂತದ್ದನ್ನು ಯಾರೂ ನೋಡಿಲ್ಲ. ಬೇರೆ ವಿಭಾಗಗಳಲ್ಲಿ ಕುರ್ಚಿ ಮುರಿಯುತ್ತವೆ, ಇವರ ಕುರ್ಚಿಗಳು ಮಾತ್ರ ಹೊಸದಾಗಿ ತಂದ ಹಾಗೇ ಇವೆ ಎಂದು ಕಾಕಾ ಹೊಗಳುತ್ತಿರುತ್ತಾರೆ.

ಮೊನ್ನೆ ಕಾಲೇಜಿನ ದರ್ಜೆ ನಿರ್ಧರಿಸುವ ತಪಾಸಣೆ ತಂಡ ಬಂದಿತ್ತು. ಎರಡನೆಯ ಹುದ್ದೆಯ ಬಗ್ಗೆ ಉತ್ತರ ಬಂದದ್ದೂ ಆವತ್ತೇ ಬೆಳಿಗ್ಗೆ. ವಿನಾಯಿತಿ ಇಲ್ಲ. ವಯಸ್ಸಿಗೆ ಶಾಲೆಯ ದಾಖಲೆಯೇ ಪ್ರಮಾಣ. ನಾನು ಆ ಕಾಗದವನ್ನು ವಿಭಾಗಕ್ಕೆ ಒಯ್ದು ಕೊಟ್ಟೆ. ಇಬ್ಬರೂ ಎಂದಿನಂತೆ ನಿಂತಿದ್ದರು. ಸರ್ ಓದಿ, ಮೇಜಿನ ಮೇಲಿಟ್ಟರು. ಮೇಡಂ ಓದಿದಳು. ಅವಳ ಕಣ್ಣು ತುಂಬಿದವು.

"ಸರ್, ನೀವು ಅವತ್ತ ತಡೀಲಿಲ್ಲಂದ್ರ ನಾನೂ ಹಿಂಗ ನಿಂತಿರ್ತಿದ್ದೆ."

"ತಡದದ್ದಕ್ಕ ನೀ ಅಲ್ಲಿ ನೋಡಬೇಕಾದ್ದು ನೋಡಲಿಲ್ಲವಾ. ಈಗ ನೋಡಿದ್ರ ಆ ಒಂದ ವರ್ಷದ್ದೂ ನಡೀತಿತ್ತು. ಇಷ್ಟು ವರ್ಷ ಕಾದದ್ದಕ್ಕ ನಂಗೇನೂ ಇಲ್ಲ, ಅದೊಂದಕ್ಕ ಬಾಳ ಮರಗತೇನಿ" ಎಂದರು ಸರ್. ಅವಳು ಮೇಡಂ ಆದ ಮೇಲೆ ಅವರು ಅವಳನ್ನು ನೀನು ಅಂದದ್ದು ಅದೇ ಮೊದಲು.

ಮೂವರೂ ತಲೆ ತಗ್ಗಿಸಿ ಮಾತಿಲ್ಲದೆ ನಿಂತೆವು. ಚಹಾದ ತಟ್ಟೆ ಹಿಡಿದು ಬಂದ ಕಾಕಾ ಕೂಡ ನಮ್ಮ ಮುಖ ನೋಡಿ ಹಾಗೇ ನಿಂತುಬಿಟ್ಟರು. ಅದೇ ಗಳಿಗೆಗೆ ಪ್ರಿನ್ಸಿಪಾಲರು ತಪಾಸಣೆಯ ಇಬ್ಬರು ಹಿರಿಯರನ್ನು ಕರೆದುಕೊಂಡು ಒಳಗೆ ಬಂದರು. ನಾಲ್ವರು ತಲೆ ತಗ್ಗಿಸಿ ನಿಂತಿದ್ದೇವೆ, ಒಬ್ಬರ ಕಣ್ಣಲ್ಲಿ ನೀರು, ಯಾರ ಬಾಯಲ್ಲೂ ಮಾತಿಲ್ಲ. ಅವರಿಗೆ ಏನು ಅನಿಸಬೇಕೋ ಅದೇ ಅನಿಸಿತು. ಬೂಟಿನ ಸದ್ದು ಮಾಡದೆ ಸಾಲಿಗೆ ಸೇರಿ, ಕೈಕಟ್ಟಿ, ಕಣ್ಣು ಮುಚ್ಚಿ ಮೌನಾಚರಣೆಗೆ ನಿಂತರು. ಅತಿಥಿಗಳು ನಿಂತದ್ದು ಕಂಡು ಪ್ರಿನ್ಸಿಪಾಲರೂ ನಿಂತರು.

ಸ್ವಲ್ಪ ಹೊತ್ತಿನ ಮೇಲೆ ಹಿರಿಯರಲ್ಲೊಬ್ಬರು ಪಕ್ಕದಲ್ಲಿದ್ದ ಕಾಕಾ ಕಿವಿಯಲ್ಲಿ ಮೆಲ್ಲಗೆ ಕೇಳಿದರು. "ವಯಸ್ಸಾಗಿತ್ತೇನ್ರಿ?"

ಕಾಲೇಜಿನಲ್ಲಿ ಬೆಳಗಿನಿಂದ ಇದ್ದ ಮಾತು ಒಂದೇ, ಸರ್ ಅವರ ವಯಸ್ಸಿನದು. ಇವರೂ ಅದನ್ನೇ ಕೇಳುತ್ತಿದ್ದಾರೆ ಅಂದುಕೊಂಡರು ಕಾಕಾ.

"ಖರೆ ಆಗಿರಲಿಲ್ರಿ ಸಾಹೇಬ್ರ. ಕಾಗದದಾಗ ಆಗಿತ್ತು."

ಮೊದಲು ನಕ್ಕವರು ಸರ್. ನಗು ತಡೆಯಲಾಗದೆ ಮೇಜು ಹಿಡಿದುಕೊಂಡರು. ಆಮೇಲೆ ಮೇಡಂ ಅಳುತ್ತಲೇ ನಕ್ಕಳು, ನಾನೂ ನಕ್ಕೆ. ಹಿರಿಯರು ಗಾಬರಿಯಾಗಿ ನಮ್ಮನ್ನೇ ನೋಡುತ್ತಿದ್ದರು. ಪ್ರಿನ್ಸಿಪಾಲರು ಬೆವರು ಒರೆಸಿಕೊಳ್ಳುತ್ತ ಎಲ್ಲ ಕಥೆಯನ್ನೂ ಹೇಳಿದರು. ಕೇಳಿದ ಮೇಲೆ ಹಿರಿಯರ ಮುಖ ಸಣ್ಣದಾಯಿತು. "ಇದು ಮೌನ ಆಚರಿಸುವ ವಿಷಯವೇ" ಅಂದರು. ಆಮೇಲೆ ಸರ್ ಕಡೆ ತಿರುಗಿ, "ಕೂತುಕೊಳ್ಳಿ ಸರ್" ಎಂದರು.

"ಮೇಡಂ ಕುಂತ ಮ್ಯಾಲೆ ಕುಂದರ್ತೇನ್ರಿ."

"ಸರ್ ಕುಂತ ಮ್ಯಾಲೆ ನಾ" ಎಂದಳು ಮೇಡಂ.

ಹಿರಿಯರು ಇಬ್ಬರ ಮುಖವನ್ನೂ ನೋಡಿದರು, ಖಾಲಿ ಕುರ್ಚಿಗಳನ್ನೂ ನೋಡಿದರು. ಕಾಕಾ ಕೈಯಲ್ಲಿ ತಟ್ಟೆ ಇನ್ನೂ ಹಾಗೇ ಇತ್ತು. ಅವರಿಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಅವರಿಗೂ ಗೊತ್ತಿರಲಿಲ್ಲ.

"ಚಾ ಆರಾಕತ್ತೈತ್ರಿ. ಅಷ್ಟ ದೊಡ್ಡ ದೊಡ್ಡ ಎರಡ ದೇಶ ಕೂಡಿ, ಒಬ್ಬರನ್ನೊಬ್ಬರು ಒಪ್ಪಿ, ಕುಂತು ಸಹಿ ಮಾಡಿದ್ವು. ಈ ಒಂದ ಖೋಲ್ಯಾಗ ನಿಮ್ಮಿಬ್ಬರಿಗೆ ಕುಂದರಾಕ ಇನ್ನ ಯಾರ ಸಹಿ ಬೇಕ್ರಿ?"